ಮೊದಲ ಬಟ್ಟಲು ಯಾರಿಗೆ

ಮಾತಾಡಿಸಿಯೇ ಮನಸ್ಸಿನ ಕಾಯಿಲೆ ನೋಡುವ ಆ ಡಾಕ್ಟರ ಹತ್ತಿರ ನಾನು ಹೋದದ್ದು ಜಗಳವಾಡಲಿಕ್ಕೇ. ಸುಳ್ಳೇಕೆ ಹೇಳಲಿ, ಬಸ್ಸಿನಲ್ಲಿ ಕೂತಾಗಲೇ ಬೈಗುಳಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ನನ್ನ ಮಗಳು ಅನೀಸ ಎರಡು ತಿಂಗಳಿನಿಂದ ಒಂದು ತುಂಡು ರೊಟ್ಟಿಯನ್ನೂ ನುಂಗಲಾರದೆ ಒಣಗುತ್ತಿದ್ದಳು. ಆಸ್ಪತ್ರೆಯವರು ಗಂಟಲಿಗೆ ಕೊಳವೆ ಇಳಿಸಿ ನೋಡಿ, ಏನೂ ಇಲ್ಲ ಅಂದರು. ನೀರು, ಮೊಸರು, ತಿಳಿಸಾರು, ಇಷ್ಟೇ ಇಳಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಮದುವೆ. ದರ್ಜಿಯವಳು ಮದುವೆಯ ಉಡುಪನ್ನು ಎರಡು ಸಲ ಸೊಂಟದಲ್ಲಿ ಹಿಡಿದು ಹೊಲಿದಳು. ಮೂರನೆಯ ಸಲ ಕರೆದುಕೊಂಡು ಹೋದಾಗ ಸೂಜಿ ಕೆಳಗಿಟ್ಟು, "ಮೊದಲು ಹುಡುಗಿಗೆ ಊಟ ಹಾಕಿ, ಆಮೇಲೆ ಬನ್ನಿ" ಅಂದಳು. ಅವಳ ಮಾತಿಗೆ ನನ್ನ ಮೈ ಉರಿದುಹೋಯಿತು.

ಇದೆಲ್ಲ ಶುರುವಾದದ್ದು ಮೇ ತಿಂಗಳಲ್ಲಿ, ಹುಡುಗನ ತಾಯಿ ಊರಾನಿಯಾ ನಮ್ಮ ಮನೆಗೆ ಮೊದಲ ಸಲ ಬಂದ ದಿನ. ಅವಳು ಥೆಸಲೊನೀಕಿಯ ಹಳೆಯ ಗ್ರೀಕ್ ಮನೆತನದವಳು. ನಾವು ಅಲ್ಬೇನಿಯಾದಿಂದ ಬೆಟ್ಟ ಹತ್ತಿ ಇಳಿದು ಬಂದ ಮುಸಲ್ಮಾನರು. ಆದರೆ ಅದು ಅವಳಿಗೆ ಗೊತ್ತಿರಲಿಲ್ಲ, ಅವಳ ಮಗ ಲೆಫ್ತೇರಿಸನಿಗೂ ಗೊತ್ತಿರಲಿಲ್ಲ. ಗಡಿ ದಾಟಿದ ವರ್ಷವೇ ನನ್ನ ಗಂಡ, ನಾವು ಅಲ್ಲಿದ್ದರೂ ಹುಟ್ಟಿನಿಂದ ಗ್ರೀಕರೇ ಎಂದು ಸರ್ಕಾರಿ ಕಾಗದಗಳಲ್ಲಿ ಬರೆಸಿಬಿಟ್ಟಿದ್ದ. ಪೆತ್ರಿತ್ ಹೋಗಿ ಪೆತ್ರೋಸ್ ಆದ. ಫ್ಲುತುರ ಎಂಬ ನಾನು ಫ್ಲೋರಾ ಆದೆ. ಮಗು ಹುಟ್ಟಿದಾಗ ಚರ್ಚಿನಲ್ಲಿ ನೀರು ಹಾಕಿಸಿ ಅನಸ್ತಾಸಿಯಾ ಮಾಡಿದೆವು, ಅನೀಸ ಎಂಬುದು ಮನೆಯೊಳಗಿನ ಹೆಸರಾಯಿತು. ಎಲ್ಲರೂ ಹಾಗೇ ಮಾಡುತ್ತಿದ್ದರು. ಹಾಗೆ ಮಾಡದವರಿಗೆ ಬಾಡಿಗೆಗೆ ಮನೆಯೂ ಸಿಗುತ್ತಿರಲಿಲ್ಲ.

ಬದಲಾಗದೆ ಉಳಿದದ್ದು ಒಂದೇ ಒಂದು, ನನ್ನ ಅತ್ತೆ ಸನೀಯೆ. ಬಿಳಿಯ ತಲೆವಸ್ತ್ರ, ಎದೆಗೆ ಕೈ ಇಟ್ಟು ಮಾಡುವ ನಮಸ್ಕಾರ, ಬಾಯಿ ತೆರೆದರೆ ನಮ್ಮೂರಿನ ಮಾತು. ಮಗಳಿಗೆ ಎರಡು ತುಂಬಿದಾಗ ಊರಿಂದ ಬಂದು, ಇಪ್ಪತ್ತನಾಲ್ಕು ವರ್ಷ ನನ್ನ ಮನೆಯಲ್ಲಿದ್ದು, ನಾನು ಕಂಡವರ ಮನೆಯ ನೆಲ ಒರೆಸುತ್ತಿದ್ದಾಗ ನನ್ನ ಮಗಳನ್ನು ಬೆಳೆಸಿದವಳು. ಮೇ ತಿಂಗಳ ಆ ದಿನ ಊರಾನಿಯಾ ಒಳಗೆ ಕಾಲಿಡುತ್ತಲೇ ಇವಳನ್ನು ಕಂಡು, "ಈ ಅಜ್ಜಿ ಯಾರು?" ಅಂತ ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಅನೀಸಳನ್ನು. ನಾನು ಅವಳ ಬೆನ್ನ ಹಿಂದೆ ನಿಂತು ಮಗಳಿಗೆ ಕಣ್ಣು ಬಿಟ್ಟೆ. ಮಗಳು ನನ್ನ ಕಣ್ಣು ನೋಡಿ, "ಅಮ್ಮ ನೋಡ್ಕೊಳ್ತಿರೋ ಒಬ್ಬ ಮುದುಕಿ" ಅಂದಳು.

"ಅಯ್ಯೋ ಪಾಪ. ಮಕ್ಕಳು ಮರಿ ಇಲ್ವಾ? ಎಂಥ ಮಕ್ಕಳಪ್ಪ, ಹೆತ್ತವಳನ್ನ ಕಂಡೋರ ಮನೇಲಿ ಬಿಟ್ಟು ಹೋಗೋಕೆ!"

"ಯಾರೂ ಇಲ್ಲ," ಅಂದೆ ನಾನು.

ಊರಾನಿಯಾ ಚೀಲದಿಂದ ಒಂದು ಪೊಟ್ಟಣ ಬಿಸ್ಕತ್ತು ತೆಗೆದು ಅತ್ತೆಯ ಮಡಿಲಿಗಿಟ್ಟು ಅವಳ ತಲೆ ಸವರಿದಳು. ಅತ್ತೆ ಎದೆಗೆ ಕೈ ಇಟ್ಟುಕೊಂಡಳು. ಆ ರಾತ್ರಿಯ ಊಟಕ್ಕೆ ಕೂತ ಮಗಳ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ.

ಮೊದಲು ಅವಳು ಹೋದದ್ದು ಒಬ್ಬ ಗ್ರೀಕ್ ಆಪ್ತಸಮಾಲೋಚಕನ ಹತ್ತಿರ. ಅವನು ಬಾಯಿಪಾಠ ಒಪ್ಪಿಸಿದಂತೆ ಹೇಳಿದನಂತೆ: ನಿನಗೆ ಇಪ್ಪತ್ತಾರು ವರ್ಷ, ನಿನ್ನ ಬದುಕು ನಿನ್ನದು, ಮನೆಯವರಿಗೂ ನಿನಗೂ ನಡುವೆ ಒಂದು ಗೆರೆ ಎಳೆ, ಹೊರಗೆ ಬಾ. ಇವಳು ಗೆಳತಿಯ ಮನೆಗೆ ಹೋಗಿ ಕೂತಳು. ಮೂರು ವಾರಕ್ಕೆ ಸಾರೂ ಇಳಿಯದಂತಾಗಿ ಗೋಡೆ ಹಿಡಿದುಕೊಂಡು ವಾಪಸು ಬಂದಳು. ಆಮೇಲೆ ಯಾರೋ ಈ ಡಾಕ್ಟರು ಎತ್ಲೆವ ಎಂಬವಳ ವಿಳಾಸ ಕೊಟ್ಟರು. ಅವಳೂ ನಮ್ಮವಳೇ, ನಮ್ಮ ರೀತಿ ರಿವಾಜು ಬಲ್ಲವಳು ಎಂದರು. ನನಗೆ ಅದೇ ಭಯ. ಗ್ರೀಕನಾದರೆ ಅವನ ಕಣ್ಣಿಗೆ ಮಣ್ಣೆರಚಬಹುದು, ನಮ್ಮವಳ ಕಣ್ಣಿಗೆ ಹೇಗೆ ಎರಚುವುದು?

ಬಾಗಿಲ ಮೇಲೆ ಅವಳ ಹೆಸರು ದೊಡ್ಡದಾಗಿತ್ತು. ಅಲ್ಬೇನಿಯಾದ ಹೆಸರನ್ನು ಹಾಗೇ, ಒಂದಕ್ಷರವೂ ತಿದ್ದದೆ, ಬಹುಮಾನ ಬಂದವಳಂತೆ ಹಿತ್ತಾಳೆಯಲ್ಲಿ ಕೆತ್ತಿಸಿಕೊಂಡಿದ್ದಳು. ಅದನ್ನು ನೋಡಿಯೇ ನನಗೆ ಅರ್ಧ ಪಿತ್ತ ಏರಿತು.

"ಬನ್ನಿ ಫ್ಲುತುರಕ್ಕ," ಅಂದಳು ನಮ್ಮ ಭಾಷೆಯಲ್ಲಿ.

"ನನ್ನ ಹೆಸರು ಫ್ಲೋರಾ," ಅಂದೆ ಗ್ರೀಕಿನಲ್ಲಿ.

"ಆಯ್ತು, ಫ್ಲೋರಕ್ಕ. ಕೂತ್ಕೊಳ್ಳಿ. ಕಾಫಿಗೆ ಸಕ್ಕರೆ ಎಷ್ಟು?"

ಕೋಣೆಯ ಮೂಲೆಯಲ್ಲಿ ಒಂದು ಪುಟ್ಟ ಒಲೆ, ಅದರ ಮೇಲೆ ನಮ್ಮೂರಿನ ಉದ್ದ ಹಿಡಿಯ ತಾಮ್ರದ ಕಾಫಿ ಪಾತ್ರೆ. ನಾಟಕ ಕಂಪನಿಯವರಂತೆ ಎಲ್ಲ ಸಲಕರಣೆ ಇಟ್ಟುಕೊಂಡಿದ್ದಾಳೆ ಅನ್ನಿಸಿತು.

"ಸಕ್ಕರೆ ಬೇಡ," ಅಂದೆ.

ಅವಳ ಕೈ ನಿಂತಿತು. ನಮ್ಮವರು ಸಕ್ಕರೆಯಿಲ್ಲದ ಕಾಫಿ ಕುಡಿಯುವುದು ಒಂದೇ ಕಡೆ, ಸಾವಿನ ಮನೆಯಲ್ಲಿ. ಬದುಕಿರುವವರ ಮನೆಗೆ ಹೋಗಿ ಸಕ್ಕರೆ ಬೇಡ ಅಂದರೆ ಮುಖಕ್ಕೆ ಉಗಿದಂತೆ. ಅದು ಗೊತ್ತಿದ್ದೇ ಹೇಳಿದ್ದೆ.

"ಇಲ್ಲಿ ಯಾರು ಸತ್ತಿದ್ದಾರೆ ಅಂತ?" ಅಂದಳು.

"ಇನ್ನೂ ಯಾರೂ ಇಲ್ಲ."

ಅವಳು ಬಿದ್ದು ಬಿದ್ದು ನಕ್ಕಳು. "ಅನೀಸ ಹೇಳಿದ್ದು ಸುಳ್ಳಲ್ಲ. ನಾಲಿಗೆ ಅಂದ್ರೆ ನಾಲಿಗೆ!" ಎನ್ನುತ್ತ ಎರಡು ಚಮಚ ಸಕ್ಕರೆ ಹಾಕಿಯೇ ಕಾಫಿ ಕುದಿಸಿ ನನ್ನ ಮುಂದಿಟ್ಟಳು. ನಾನು ಮುಟ್ಟಲಿಲ್ಲ.

"ನನ್ನ ಮಗಳ ತಲೆಗೆ ಏನು ತುಂಬ್ತಿದ್ದೀಯ? ಮನೆ ಬಿಟ್ಟು ಹೋಗು ಅಂತಾನಾ?"

"ಅದನ್ನ ಹೇಳಿದ್ದು ಮುಂಚಿನವರು. ಏನಾಯ್ತು ಅಂತ ನೀವೇ ನೋಡಿದ್ರಲ್ಲ. ಆ ಹುಡುಗಿಗೆ ನೀವು ಬೇಕು, ಅಜ್ಜಿ ಬೇಕು, ಲೆಫ್ತೇರಿಸನೂ ಬೇಕು. ಒಂದನ್ನ ಕತ್ತರಿಸಿ ಬಿಸಾಕು ಅನ್ನೋದು ನಮ್ಮಂಥವರಿಗೆ ಔಷಧಿ ಅಲ್ಲ. ಅದೇ ಕಾಯಿಲೆ."

"ಹಾಗಾದ್ರೆ ಔಷಧಿ ಏನು? ನಿನ್ನ ಕಾಫಿನಾ?"

"ಹೂಂ," ಅಂದಳು, ಒಂದಿಷ್ಟೂ ನಗದೆ. "ಭಾನುವಾರ ಆ ಹುಡುಗನ ತಾಯಿ ಮತ್ತೆ ಬರ್ತಾರಂತೆ. ಕಾಫಿ ತಟ್ಟೆ ಹಿಡಿಯೋದು ಯಾರು?"

"ಮಗಳು. ಇನ್ಯಾರು ಹಿಡೀತಾರೆ?"

"ಮೊದಲ ಬಟ್ಟಲು ಯಾರಿಗೆ?"

ಮೊದಲ ಬಟ್ಟಲು ಕೋಣೆಯಲ್ಲಿರುವ ಹಿರಿಯರಿಗೆ. ತಟ್ಟೆ ಹಿಡಿದ ಹುಡುಗಿ ಯಾರ ಮುಂದೆ ಮೊದಲು ಬಗ್ಗುತ್ತಾಳೋ ಅವರೇ ಆ ಮನೆಯ ಹಿರಿಯರು. ಇದನ್ನು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳೂ ಬಲ್ಲರು.

"ನೀವು ಯಾರ ಮುಂದೇನೂ ಏನೂ ಒಪ್ಕೊಳ್ಳೋದು ಬೇಡ," ಎತ್ಲೆವ ಅಂದಳು. "ಹಳೇ ಕಥೆ ಬಿಚ್ಚೋದೂ ಬೇಡ. ಅತ್ತೆನ ಆ ಕೋಣೇಲಿ ಕೂರಿಸಿ, ಅಷ್ಟೇ. ಅನೀಸ ತಟ್ಟೆ ತರಲಿ. ಮೊದಲು ಯಾರ ಹತ್ರ ಹೋಗ್ತಾಳೆ ಅನ್ನೋದನ್ನ ಅವಳಿಗೇ ಬಿಡಿ. ಬಾಯಲ್ಲಿ ಆಡಿದ ಸುಳ್ಳನ್ನ ಅವಳಿಗೆ ಬಾಯಲ್ಲಿ ವಾಪಸ್ ತಗೊಳ್ಳೋಕೆ ಆಗ್ತಿಲ್ಲ. ಕೈಯಲ್ಲಿ ತಗೊಳ್ಳಲಿ."

ಜೋಡಿಸಿಟ್ಟ ಬೈಗುಳಗಳೆಲ್ಲ ಆಗ ಹೊರಗೆ ಬಂದವು. ನಿನಗೇನು ಗೊತ್ತು, ಅಂದೆ. ಬಸ್ಸಿನಲ್ಲಿ ನಮ್ಮ ಭಾಷೆಯಲ್ಲಿ ಒಂದು ಮಾತು ಆಡಿದ್ದಕ್ಕೆ ಪೊಲೀಸರು ಕೆಳಗಿಳಿಸಿ, ಟ್ರಕ್ಕಿಗೆ ತುಂಬಿ, ಗಡಿಯಾಚೆ ಎಸೆದು ಬಂದ ದಿನ ನಾನು ಮೂರು ತಿಂಗಳ ಬಸುರಿ, ಅಂದೆ. ನಾನು ಆಡಿದ ಸುಳ್ಳಿನ ಮೇಲೆ ಈ ಹುಡುಗಿ ಶಾಲೆ ಕಲಿತಿದ್ದಾಳೆ, ಆ ಸುಳ್ಳಿನ ಮೇಲೇ ಅವಳಿಗೆ ಗಂಡು ಸಿಕ್ಕಿದ್ದಾನೆ, ಅಂದೆ.

"ನನ್ನನ್ನೂ ಇಳಿಸಿದ್ರು," ಅಂದಳು ಎತ್ಲೆವ.

"ಮತ್ತೆ ಬಾಗಿಲ ಮೇಲೆ ಆ ಹೆಸರು ಯಾಕೆ ಮೆರೆಸ್ತಿದ್ದೀಯ?"

"ಇಳಿಸಿದ್ರಲ್ಲ, ಅದಕ್ಕೇ."

ನಾನು ಎದ್ದು ನಿಂತೆ. ಅವಳೂ ಎದ್ದು, "ನಿಮ್ಮ ಅತ್ತೆ ಕಳೆದ ಗುರುವಾರ ಇಲ್ಲಿಗೆ ಬಂದಿದ್ರು. ಮೊಮ್ಮಗಳ ಜೊತೆ. ಅದು ನಿಮಗೆ ಗೊತ್ತಿರಲಿ ಅಂತ ಅವರೇ ಹೇಳಿ ಹೋಗಿದ್ದಾರೆ," ಅಂದಳು.

"ಏನಂದ್ಲು?"

"ಅದು ಅವರ ಮಾತು. ನನ್ನ ಬಾಯಿಂದ ಬರಲ್ಲ. ನಿಮ್ಮ ಮಾತೂ ಅವರಿಗೆ ಹೋಗಲ್ಲ."

"ನಿನ್ನ ಮನೆ ಹಾಳಾಗ," ಅಂದೆ ನಮ್ಮ ಭಾಷೆಯಲ್ಲಿ. ಅಲ್ಲಿಗೆ ಹೋದಮೇಲೆ ನಮ್ಮ ಭಾಷೆಯಲ್ಲಿ ಆಡಿದ ಮಾತು ಅದೊಂದೇ.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಎಂಬತ್ತೊಂದಾದರೂ ಬೆರಳುಗಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ನಾನು ಚಪ್ಪಲಿ ಕೂಡ ಬಿಡದೆ, "ಭಾನುವಾರ ನೀನು ಕತೆರೀನಿ ಊರಲ್ಲಿರೋ ನಿನ್ನ ತಮ್ಮನ ಮಗನ ಮನೆಗೆ ಹೋಗು. ಬೆಳಗ್ಗೆ ಬಸ್ ಹತ್ತಿಸ್ತೀನಿ," ಅಂದೆ.

"ಯಾಕೆ? ನನ್ನ ಹಣೇಲಿ ಅಲ್ಬೇನಿಯಾ ಅಂತ ಬರೆದಿದ್ಯಾ?"

"ಬರೆದಿದೆ. ತಲೆಯಿಂದ ಕಾಲಿನ ತನಕ ಬರೆದಿದೆ."

ಅವಳು ಕಾಯಿಯನ್ನು ಬುಟ್ಟಿಗೆ ಹಾಕಿ, ಚಾಕು ಕೆಳಗಿಟ್ಟಳು. "ನನ್ನ ಮಗನ ಹೆಸರು ತಿರುಗಿಸಿದ್ರಿ, ಸುಮ್ಮನಿದ್ದೆ. ಮೊಮ್ಮಗಳ ಹೆಸರು ತಿರುಗಿಸಿದ್ರಿ, ಸುಮ್ಮನಿದ್ದೆ. ಅವನು ಸತ್ತಾಗ ಗೋರಿ ಮೇಲೆ ಶಿಲುಬೆ ನೆಟ್ಟು ಪೆತ್ರೋಸ್ ಅಂತ ಕೆತ್ತಿಸಿದೆ, ಆಗ್ಲೂ ಸುಮ್ಮನಿದ್ದೆ. ಮೇ ತಿಂಗಳಲ್ಲಿ ಆ ಹೆಂಗಸಿನ ಎದುರಿಗೆ, ಇವಳಿಗೆ ಯಾರೂ ಇಲ್ಲ ಅಂದೆ. ನನಗೆ ಗ್ರೀಕ್ ಬರಲ್ಲ ಅಂದ್ಕೊಂಡಿದ್ಯಾ? ನಿನ್ನ ಮಗಳಿಗೆ ಒಂದನೇ ಕ್ಲಾಸಿಂದ ಪಾಠ ಹೇಳಿಸಿದ್ದು ಯಾರು? ನನ್ನ ಹೆಣಕ್ಕೆ ಯಾವ ಹೆಸರು ಇಟ್ಕೊಂಡಿದ್ದೀಯ, ಈಗ್ಲೇ ಹೇಳು. ಅಭ್ಯಾಸ ಮಾಡ್ಕೋತೀನಿ."

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಇನ್ನೂ ಸಿಟ್ಟು ಬರುತ್ತದೆ, ಅದು ನನ್ನ ಜಾಯಮಾನ.

"ಹೌದು, ಮಾಡಿದ್ದು ನಾನೇ! ಮಾಡದಿದ್ರೆ ನೀವೆಲ್ಲ ಏನು ತಿಂತಿದ್ರಿ? ಈಗ ಮದುವೆ ಮುರಿದುಬಿದ್ರೆ ನಿನಗೆ ಸಮಾಧಾನನಾ?"

"ಮದುವೆ ಆಗೋಕೆ ಹುಡುಗಿ ಬದುಕಿರ್ಬೇಕಲ್ಲ," ಅಂದಳು.

ನಾನು ಸೋತೆ. ಪೂರ್ತಿ ಸೋಲಲಿಲ್ಲ, ಅರ್ಧ. "ಸರಿ, ಎಲ್ಲೂ ಹೋಗ್ಬೇಡ. ಆದ್ರೆ ಅಡುಗೆಮನೆ ಬಿಟ್ಟು ಈಚೆ ಬರ್ಬೇಡ. ಕಾಫಿ ಮಾಡ್ಕೊಡು. ಅನೀಸ ತಟ್ಟೆ ತಗೊಂಡು ಬರ್ತಾಳೆ."

"ಕಾಫಿ ನಾನು ಮಾಡ್ಲಾ?"

"ನೀನೇ ಮಾಡು. ನಾನು ಅವರ ಜೊತೆ ಕೂತಿರ್ಬೇಕು."

"ಆಗ್ಲಿ," ಅಂದು ಮತ್ತೆ ಕಾಯಿಗೆ ಕೈ ಹಾಕಿದಳು. ಅಷ್ಟು ಬೇಗ ಒಪ್ಪುವ ಹೆಂಗಸಲ್ಲ ಅವಳು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಭಾನುವಾರ ಮಧ್ಯಾಹ್ನ ಊರಾನಿಯಾ ಮಗನೊಂದಿಗೆ ಬಂದಳು. ಹೂಗುಚ್ಛ ತಂದಿದ್ದಳು. ಅನೀಸಳ ಕೆನ್ನೆ ಹಿಡಿದು, "ಏನಿದು, ಚರ್ಮ ಮೂಳೆಗೆ ಅಂಟಿದೆ! ನನ್ನ ಮಗನನ್ನ ಮದುವೆ ಆಗೋಕೆ ಇಷ್ಟು ಹೆದರಿಕೆನಾ?" ಎಂದು ತಮಾಷೆ ಮಾಡಿದಳು. ಲೆಫ್ತೇರಿಸ್ ನಗಲಿಲ್ಲ. ಅವನು ಅನೀಸಳ ಕೈಯ ಮಣಿಕಟ್ಟನ್ನೇ ನೋಡುತ್ತಿದ್ದ. ಅನೀಸ ಅಡುಗೆಮನೆಗೆ ಹೋದಳು.

ನಾನು ಬೇಕರಿಯಿಂದ ತಂದ ಗ್ರೀಕ್ ಸಿಹಿಗಳನ್ನು ಮುಂದಿಟ್ಟೆ. ಹವೆ, ಚರ್ಚು, ಮದುವೆಯೂಟಕ್ಕೆ ಎಷ್ಟು ಜನ, ಎಲ್ಲ ಮಾತಾಡಿದೆವು. ನಡುವೆ ಊರಾನಿಯಾ ನೆನಪಾದವಳಂತೆ ಕೇಳಿದಳು, "ಆ ಅಜ್ಜಿ ಹೇಗಿದ್ದಾಳೆ? ಪಾಪ, ಅವತ್ತಿಂದ ಕಣ್ಣಿಗೆ ಕಟ್ಟಿದ ಹಾಗಿದೆ. ಸಂಬಂಧಿಕರು ಯಾರಾದ್ರೂ ತಿರುಗಿ ನೋಡಿದ್ರಾ?"

ಅಡುಗೆಮನೆಯ ಬಾಗಿಲಲ್ಲಿ ಮಗಳು ತಟ್ಟೆ ಹಿಡಿದು ನಿಂತಿದ್ದಳು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಇದನ್ನು ಅವಳಿಗೇ ಬಿಡಿ ಅಂತ ತಾನೆ ಆ ಎತ್ಲೆವ ಕೇಳಿದ್ದು. ಬಾಯಿ ಮುಚ್ಚಿಕೊಂಡಿದ್ದರೂ ಸಾಕಾಗಿತ್ತು.

"ಯಾರು ಬರ್ತಾರೆ? ಯಾರೂ ಇಲ್ಲವಲ್ಲ," ಅಂದೆ. "ಒಳಗೆ ಮಲಗಿದ್ದಾಳೆ."

ತಟ್ಟೆಯ ಮೇಲಿನ ಬಟ್ಟಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅನೀಸ ನಿಧಾನವಾಗಿ ಬಂದು ಊರಾನಿಯಾಳ ಮುಂದೆ ಬಗ್ಗಿದಳು, ಆಮೇಲೆ ಲೆಫ್ತೇರಿಸ್, ಆಮೇಲೆ ನಾನು. ಕೊನೆಯ ಬಟ್ಟಲು ಹಿಡಿದು ತಾನು ಕೂತಳು. ಗೆದ್ದೆ ಅಂದುಕೊಂಡೆ. ಕಾಫಿಯ ಮೇಲೆ ಚೆಲುವಾದ ನೊರೆ ಇತ್ತು, ಅತ್ತೆಯ ಕೈಯ ನೊರೆ.

ಊರಾನಿಯಾ ಒಂದು ಗುಟುಕು ಕುಡಿದು ಮುಖ ಹಿಂಡಿ ನಕ್ಕಳು. "ಮದುಮಗಳಿಗೆ ಸಕ್ಕರೇನೇ ಮರೆತುಹೋಗಿದೆ!"

ನಾನು ಕುಡಿದೆ. ನಾಲಿಗೆಗೆ ತಗುಲಿದ ಆ ಕಹಿಯನ್ನು ನಾನು ಕೊನೆಯ ಸಲ ಕುಡಿದದ್ದು ನನ್ನ ಗಂಡ ಸತ್ತಾಗ, ಇದೇ ಸೋಫಾದ ಮೇಲೆ ಕೂತು. ಮಗಳ ಕಡೆ ನೋಡಿದೆ. ಅವಳೂ ಒಂದು ಗುಟುಕು ಹೀರಿ, ಬಾಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ನುಂಗಿದಳು. ಇನ್ನೊಂದು ಗುಟುಕು ನುಂಗಿದಳು. ನಾಲ್ಕೇ ಗುಟುಕಿಗೆ ಬಟ್ಟಲು ಬರಿದು ಮಾಡಿ, ತಳದ ಗಸಿಯನ್ನೂ ಬಿಡಲಿಲ್ಲ.

"ಮರೆತಿಲ್ಲ," ಅಂದಳು ಊರಾನಿಯಾಗೆ. "ನಮ್ಮಲ್ಲಿ ಸತ್ತವರ ಮನೇಲಿ ಹೀಗೇ ಕೊಡ್ತಾರೆ."

"ನಿಮ್ಮಲ್ಲಿ ಅಂದ್ರೆ? ಯಾರಮ್ಮ ಸತ್ತಿರೋದು?"

"ನನ್ನ ಅಜ್ಜಿ. ಮೇ ತಿಂಗಳಲ್ಲಿ ಸತ್ತರು. ನೀವು ನಿಂತಿದ್ರಲ್ಲ, ಅಲ್ಲೇ. ಸಾಯಿಸಿದ್ದು ನಾನು."

"ಅನಸ್ತಾಸಿಯಾ!" ಅಂದೆ.

"ಅನೀಸ," ಅಂದಳು. "ನನ್ನ ಹೆಸರು ಅನೀಸ. ಕಾಫಿ ಮಾಡಿದ್ದು ಅಜ್ಜಿ. ಅಡುಗೆಮನೇಲಿದ್ದಾರೆ. ನಮ್ಮಪ್ಪನ ಅಮ್ಮ. ನಾವು ಅಲ್ಬೇನಿಯಾದವರು, ಲೆಫ್ತೇರಿಸ್. ಗ್ರೀಕರಲ್ಲ. ಯಾವತ್ತೂ ಆಗಿರಲಿಲ್ಲ."

ಇಪ್ಪತ್ತೇಳು ವರ್ಷ ಒಂದೊಂದೇ ಕಲ್ಲಿಟ್ಟು ಕಟ್ಟಿದ್ದನ್ನು ಈ ಹುಡುಗಿ ಒಂದು ಬಟ್ಟಲು ಕಾಫಿಯಲ್ಲಿ ಕೆಡವಿದಳಲ್ಲ ಎಂದು ಅವಳ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಅದೇ ಹೊತ್ತಿಗೆ ಅವಳ ಗಂಟಲು ಏರಿ ಇಳಿಯುವುದನ್ನೂ ನೋಡುತ್ತಿದ್ದೆ.

ಊರಾನಿಯಾ ಎದ್ದಳು. ಅವಳ ಕತ್ತು, ಕಿವಿ ಎಲ್ಲ ಕೆಂಪಾಗಿದ್ದವು. "ನೀವು ಅಲ್ಬೇನಿಯಾದವರು ಅಂತ ಗೊತ್ತಾಗಿದ್ರೆ ನಾನು ಹೇಗಿರ್ತಿದ್ದೆ, ನನಗೆ ಗೊತ್ತಿಲ್ಲ. ಕೆಟ್ಟವಳಾಗ್ತಿದ್ನೋ ಏನೋ. ಅದನ್ನ ತಿಳ್ಕೊಳ್ಳೋಕೂ ನೀವು ನನಗೆ ಬಿಡಲಿಲ್ಲ," ಅಂದಳು ನನಗೆ. "ಎಂಥ ಮಕ್ಕಳಪ್ಪ ಅಂತ ನಾನು ಬೈದದ್ದು ನಿಮ್ಮ ಸತ್ತ ಗಂಡನನ್ನ! ಆ ತಾಯಿ ಎದುರಿಗೇ! ನೀವು ಯಾರೂ ಇಲ್ಲ ಅಂದ್ರಿ. ಇವತ್ತು ಮತ್ತೆ ಅದನ್ನೇ ಅಂದ್ರಿ. ನನ್ನನ್ನ ಎಂಥ ಹೆಂಗಸು ಮಾಡಿಬಿಟ್ರಿ ನೀವು?"

ಪೊಲೀಸರ ಟ್ರಕ್ಕಿನ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ.

ಅವಳು ಕೈಚೀಲ ಎತ್ತಿಕೊಂಡು, "ನಡಿಯೋ," ಅಂದಳು ಮಗನಿಗೆ.

"ನೀನು ಹೋಗಮ್ಮ. ನನ್ನ ಕಾಫಿ ಇನ್ನೂ ಮುಗಿದಿಲ್ಲ," ಅಂದ ಲೆಫ್ತೇರಿಸ್. ಅವನ ಮುಖವೂ ಗಂಟಿಕ್ಕಿತ್ತು. ಅನೀಸಳ ಕಡೆ ತಿರುಗಿ, "ಎರಡು ವರ್ಷ ನನ್ನ ಜೊತೆ ಇದ್ದೂ ಹೇಳಲಿಲ್ಲ, ಅಲ್ವಾ?" ಅಂದ. ಅವಳು ಹೌದೆಂದಳು. ಅವನು ಮತ್ತೇನೂ ಹೇಳದೆ ಆ ಕಹಿಯನ್ನು ಒಂದೊಂದೇ ಗುಟುಕು ಕುಡಿಯತೊಡಗಿದ. ಬಾಗಿಲು ಧಡ್ ಎಂದು ಮುಚ್ಚಿದ ಸದ್ದು ಕೇಳಿತು.

ನಾನು ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಹತ್ತಿರ ನೆಟ್ಟಗೆ ಕೂತಿದ್ದಳು, ಹೊಸ ತಲೆವಸ್ತ್ರ ಕಟ್ಟಿಕೊಂಡು. ಸಕ್ಕರೆ ಡಬ್ಬಿ ಅವಳ ಮಡಿಲಲ್ಲಿತ್ತು.

"ನಿನಗೆ ಇದನ್ನ ಆ ಎತ್ಲೆವ ಹೇಳ್ಕೊಟ್ಟಳಾ?" ಅಂದೆ.

"ಅವಳು ಸುಮ್ಮನೆ ಹೋಗಿ ಕೂತ್ಕೋ ಅಂದ್ಲು, ಪಾಪ. ಒಳ್ಳೆಯವಳು. ನೀನು ಎಂಥವಳು ಅಂತ ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು."

ಅನೀಸ ನನ್ನ ಹಿಂದೆಯೇ ಬಂದು ಅಜ್ಜಿಯ ತೋಳು ಹಿಡಿದು ಎಬ್ಬಿಸಿದಳು. ಕರೆದುಕೊಂಡು ಹೋಗಿ ಊರಾನಿಯಾ ಕೂತಿದ್ದ ಜಾಗದಲ್ಲಿ ಕೂರಿಸಿದಳು. ನಾನೊಬ್ಬಳೇ ಒಲೆಯ ಮುಂದೆ ಉಳಿದೆ. ಆಮೇಲೆ ಪಾತ್ರೆ ತೊಳೆದು, ನೀರಿಟ್ಟು, ಸಕ್ಕರೆ ಹಾಕಿ, ಹೊಸದಾಗಿ ಕಾಫಿ ಕುದಿಸಿದೆ. ಸೊಸೆಯಾಗಿ ಬಂದ ಹೊಸದರಲ್ಲಿ ಅಲ್ಬೇನಿಯಾದ ಬೆಟ್ಟದ ಮೇಲಿನ ಅತ್ತೆಯ ಮನೆಯಲ್ಲಿ ದಿನಾ ತಟ್ಟೆ ಹಿಡಿಯುತ್ತಿದ್ದೆ. ಗಡಿ ದಾಟಿದ ಮೇಲೆ ಒಂದು ದಿನವೂ ಹಿಡಿದಿರಲಿಲ್ಲ.

ತಟ್ಟೆ ಹಿಡಿದು ಹೊರಗೆ ಬಂದೆ. ಲೆಫ್ತೇರಿಸ್ ತಲೆಯೆತ್ತಿ ನೋಡಿದ. ಅವನು ನೋಡಲಿ ಎಂದೇ ನೇರವಾಗಿ ಅತ್ತೆಯ ಹತ್ತಿರ ಹೋಗಿ ಬಗ್ಗಿದೆ. "ತಗೋ, ಅಮ್ಮ," ಅಂದೆ ನಮ್ಮ ಭಾಷೆಯಲ್ಲಿ, ಗಟ್ಟಿಯಾಗಿ, ಹೊರಗಿನವನೊಬ್ಬ ಕೇಳುತ್ತಿರುವಾಗ. ಅವಳು ಬಟ್ಟಲು ಎತ್ತಿಕೊಂಡಳು. ಎದೆಗೆ ಕೈ ಇಟ್ಟುಕೊಳ್ಳಲಿಲ್ಲ. ಅದು ಪರಕೀಯರಿಗೆ ಮಾಡುವುದು.

ಆಚೆ ಕಡೆ ಅನೀಸ ಬೇಕರಿಯ ಸಿಹಿಯ ಮೂಲೆಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಬಹಳ ಹೊತ್ತು ಅಗಿದಳು. ನುಂಗಿದಳು. ಇನ್ನೊಂದು ತುಂಡಿಗೆ ಕೈ ಹಾಕಿದಳು. ನಾನು ತಟ್ಟೆ ಹಿಡಿದು ಕಂಬದಂತೆ ನಿಂತುಬಿಟ್ಟೆ. ಕಣ್ಣೀರು ಒರೆಸಿಕೊಳ್ಳೋಣವೆಂದರೆ ಎರಡೂ ಕೈಗಳು ತಟ್ಟೆ ಹಿಡಿದಿದ್ದವು.

ಅತ್ತೆ ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿದಳು. "ಸಕ್ಕರೆ ಜಾಸ್ತಿಯಾಯ್ತು," ಅಂದಳು. "ಏನು ನೋಡ್ತಾ ನಿಂತಿದ್ದೀಯ? ಹುಡುಗನ ಬಟ್ಟಲು ಖಾಲಿಯಾಗಿದೆ. ಅವನಿಗೂ ಕೊಡು."